ಬಲ ಅಂಚು ಮೇಲೆ

ದೆವ್ವದ ಭಯ ನನಗೆ ಎಂದೂ ಇರಲಿಲ್ಲ. ಮಾಂಗಾ ಚಿತ್ರಕಥೆ ಬರೆಯುವವರ ಮನೆಯಲ್ಲಿ ಇಪ್ಪತ್ತು ವರ್ಷ ದುಡಿದವಳಿಗೆ ಹೆದರಿಕೆ ಎಂದರೆ ಒಂದೇ, ಗುರುವಾರದ ಗಡುವು.

ನೆರಿಮಾ ಬಡಾವಣೆಯ ಆ ಮನೆ ಹೊರಿಕಿರಿ ಸೆನ್ಸೇ ಅವರದು; ಸೆನ್ಸೇ ಎಂದರೆ ಗುರು, ನನಗೆ ಕೆಲಸ ಕಲಿಸಿದ ಹೆಂಗಸು. ಅವರು ಮುಖಗಳನ್ನು ಮಾತ್ರ ಬರೆಯುತ್ತಿದ್ದರು. ಮಿಕ್ಕದ್ದೆಲ್ಲ, ಮನೆ, ಮಳೆ, ಮರ, ಬಟ್ಟೆಯ ಹೂವು, ನೆರಳಿಗೆ ಅಂಟಿಸುವ ಚುಕ್ಕಿ ಹಾಳೆ, ನನ್ನ ಪಾಲು. ಪುಸ್ತಕದ ಮೇಲೆ ನನ್ನ ಹೆಸರು ಇರುತ್ತಿರಲಿಲ್ಲ, ಇರಲಿ. ‘ದೀಪದಂಗಡಿಯ ಕಾಯೊ’ ವಾರವಾರ ಪತ್ರಿಕೆಯಲ್ಲಿ ಬರುತ್ತಿತ್ತು. ಏಳು ವರ್ಷದ ಹುಡುಗಿ ಕಾಯೊ ದಾರಿ ತಪ್ಪಿದವರಿಗೆ ದೀಪ ಹಿಡಿದು ಮನೆ ತಲುಪಿಸುವ ಕಥೆ. ಅವಳಿಗೆ ಎಂಟು ತುಂಬುತ್ತಲೇ ಇರಲಿಲ್ಲ.

ಯಾಕೆಂದು ನನಗೆ ಹೇಳಿದವನು ಸಂಪಾದಕ ಸುಗೆನೊ. ಕಾಯೊ ಸೆನ್ಸೇ ಅವರ ಮಗಳ ಹೆಸರು. ನವೆಂಬರಿನಲ್ಲಿ ಏಳು ತುಂಬಿದ ಮಕ್ಕಳ ಹರಕೆಗೆ ಕೆಂಪು ಕಿಮೊನೊ ಉಟ್ಟು ದೇವಸ್ಥಾನಕ್ಕೆ ಹೋಗಿ ಬಂದ ಮಗು ಜನವರಿಯಲ್ಲಿ ಜ್ವರ ಬಂದು ತೀರಿಕೊಂಡಿತು. ನಮ್ಮಲ್ಲಿ ಬದುಕಿರುವವರು ಕಿಮೊನೊದ ಎಡ ಅಂಚನ್ನು ಬಲದ ಮೇಲೆ ತಂದು ಉಡುತ್ತಾರೆ. ಬಲ ಅಂಚು ಮೇಲೆ ಬಂದರೆ ಅದು ಹೆಣದ ಉಡುಗೆ. ಅಪ್ಪಿತಪ್ಪಿ ಹಾಗೆ ಉಟ್ಟವರನ್ನು ಅಜ್ಜಿಯರು ಬೀದಿಯಲ್ಲೇ ನಿಲ್ಲಿಸಿ ಸರಿಮಾಡುತ್ತಾರೆ. ಶವಸಂಸ್ಕಾರದವರು ಪದ್ಧತಿಯಂತೆ ಮಗುವಿಗೆ ಬಲ ಅಂಚು ಮೇಲೆ ತಂದು ಉಡಿಸಿದರಂತೆ. ಸೆನ್ಸೇ ಎದ್ದು ಹೋಗಿ ಎಲ್ಲರೆದುರು ಸೊಂಟಪಟ್ಟಿ ಬಿಚ್ಚಿ, ಎಡ ಅಂಚು ಮೇಲೆ ಮಾಡಿ ಮತ್ತೆ ಕಟ್ಟಿದರಂತೆ. ಮಗುವನ್ನು ಹಾಗೇ ಸುಟ್ಟರು.

ಹೊಸ್ತಿಲ ಬಳಿ ಮಗುವಿನ ಕೆಂಪು ಶೂ ಯಾವಾಗಲೂ ಇರುತ್ತಿತ್ತು, ಮೂತಿ ಮನೆಯ ಒಳಕ್ಕೆ. ಬಿಟ್ಟ ಶೂಗಳನ್ನು ಹೊರಡುವವರಿಗೆ ಅನುಕೂಲವಾಗಲೆಂದು ಬಾಗಿಲ ಕಡೆ ತಿರುಗಿಸಿಡುವುದು ನಮ್ಮ ರೂಢಿ. ಸಂಜೆ ಮನೆಗೆ ಹೊರಡುವಾಗ ನನ್ನವುಗಳ ಜೊತೆ ಅವನ್ನೂ ತಿರುಗಿಸುತ್ತಿದ್ದೆ. ಬೆಳಿಗ್ಗೆ ನೋಡಿದರೆ ಮತ್ತೆ ಒಳಮುಖ. ಸೆನ್ಸೇ ಮಾಡುತ್ತಾರೆ, ಪಾಪ, ಎಂದುಕೊಂಡಿದ್ದೆ. ಒಂದು ಮಧ್ಯಾಹ್ನ ಅವರು ಪತ್ರಿಕೆಯ ಕಚೇರಿಗೆ ಹೋಗಿದ್ದಾಗ ನಾನೊಬ್ಬಳೇ ಇದ್ದೆ. ಶೂ ತಿರುಗಿಸಿ, ಬಾರ್ಲಿ ಚಹಾ ಮಾಡಿಕೊಂಡು ಬರುವಷ್ಟರಲ್ಲಿ ಅವು ಒಳಕ್ಕೆ ಮುಖ ಮಾಡಿದ್ದವು. ಚಹಾ ಕುಡಿದು ಕೆಲಸಕ್ಕೆ ಕೂತೆ. ಅಂದು ಬರೆದ ಒಂದು ಗೆರೆಯೂ ನೆಟ್ಟಗೆ ಬರಲಿಲ್ಲ.

ಆಮೇಲೆ ಅಮೆರಿಕದವರು ತಮ್ಮಲ್ಲಿ ಅಚ್ಚು ಹಾಕಲು ಕಾಯೊಳ ಕಥೆ ಕೇಳಿದರು. ಆಗೆಲ್ಲ ಹೊರದೇಶದವರಿಗೆ ಬಲದಿಂದ ಎಡಕ್ಕೆ ಓದಲು ಬಾರದೆಂದು ಪುಟಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಅಚ್ಚು ಹಾಕುತ್ತಿದ್ದರು. ಸುಗೆನೊ ಮಾದರಿ ಪುಟ ತಂದು ಮೇಜಿನ ಮೇಲೆ ಹರಡಿದ. ಸೆನ್ಸೇ ಅವರ ಮುಖ ಸುಣ್ಣವಾಯಿತು. ತಿರುಗಿಸಿದ ಚಿತ್ರದಲ್ಲಿ ಕಾಯೊಳ ಬಲ ಅಂಚು ಮೇಲೆ ಬಂದಿತ್ತು, ಪುಟಪುಟಕ್ಕೂ. ಅವನಿಗೆ ಅದು ಹೊಳೆದೇ ಇರಲಿಲ್ಲ. ಓದುವವರಿಗೆ ಅಲ್ಲಿ ಏನು ಗೊತ್ತಾಗುತ್ತದೆ ಎಂದು ತಡವರಿಸಿದ. ಒಂದೊಂದು ಕೊರಳಂಚನ್ನೂ ತಿದ್ದದೆ ಪುಸ್ತಕ ಹೊರಬೀಳಕೂಡದು ಎಂದು ಸೆನ್ಸೇ ಕಡ್ಡಿ ಮುರಿದಂತೆ ಹೇಳಿದರು. ತಿದ್ದುವವಳು ಯಾರು? ನಾನೇ.

ಎಂಟು ಸಂಪುಟ. ಬಿಳಿ ಬಣ್ಣ ಬಳಿದು ಅಳಿಸುವುದು, ಎಡ ಅಂಚು ಮೇಲೆ ಬರುವಂತೆ ಬರೆಯುವುದು, ಒಣಗಲು ಬಿಡುವುದು. ಎರಡನೆಯ ವಾರದಿಂದ ಒಂದು ಕಾಟ ಶುರುವಾಯಿತು. ಒಣಗಲಿಟ್ಟ ಪುಟಗಳಲ್ಲಿ ಹಸಿ ಶಾಯಿ ಹರಡಿರುತ್ತಿತ್ತು, ಬೇರೆಲ್ಲೂ ಅಲ್ಲ, ಕೊರಳಂಚಿನಲ್ಲಿ. ಬೆರಳ ಗುರುತು ನನ್ನ ಕಿರುಬೆರಳಿಗಿಂತ ಚಿಕ್ಕದು. ಪ್ರತಿ ಸಲ ಎಡ ಅಂಚನ್ನೇ ಒರೆಸಿರುತ್ತಿತ್ತು. ನಾನು ಬೈದುಕೊಂಡು ಮತ್ತೆ ಬರೆಯುತ್ತಿದ್ದೆ, ಅದು ಮತ್ತೆ ಒರೆಸುತ್ತಿತ್ತು. ಹೀಗೆ ಏಳು ಸಂಪುಟ ಕಳೆಯುವಷ್ಟರಲ್ಲಿ ನನ್ನ ಸಿಟ್ಟು ಇಳಿಯಿತು. ಊರವರನ್ನೆಲ್ಲ ಮನೆ ಸೇರಿಸುವ ಹುಡುಗಿ ತನಗೆ ಆ ಲೋಕಕ್ಕೆ ಹೊರಡಲು ಬಟ್ಟೆ ಕೇಳುತ್ತಿದ್ದಳು.

ಎಂಟನೆಯದರ ಕೊನೆಯ ಪುಟದಲ್ಲಿ ಕಾಯೊ ಸೇತುವೆಯ ಮೇಲೆ ನಿಂತು ಹಿಂತಿರುಗಿ ನೋಡುತ್ತಾಳೆ. ಅದನ್ನು ನಾನು ತಿದ್ದಲಿಲ್ಲ.

ಪುಸ್ತಕ ಅಮೆರಿಕದಲ್ಲಿ ಬಿಡುಗಡೆಯಾದ ವಾರ, ಒಂದು ಬೆಳಿಗ್ಗೆ ನೋಡಿದರೆ ನಾನು ತಿರುಗಿಸಿಟ್ಟ ಶೂ ಬಾಗಿಲ ಕಡೆಗೇ ಉಳಿದಿತ್ತು. ಮರುದಿನವೂ ಹಾಗೇ. ಹತ್ತು ದಿನಕ್ಕೆ ಅದರ ಮೇಲೆ ಧೂಳು ಕೂತಿತು. ಸೆನ್ಸೇ ಹೊಸ್ತಿಲಿಗೂ ಮೇಜಿಗೂ ಅಲೆದಾಡಿದರು. ಕಾಯೊಳ ಮುಖ ಬರೆದರು, ಅಳಿಸಿದರು, ಕಣ್ಣು ಕೂರುತ್ತಲೇ ಇರಲಿಲ್ಲ. ಕಡೆಗೆ ಅಮೆರಿಕದ ಪ್ರತಿಗಳನ್ನು ತೆರೆದು ಒಂದೊಂದೇ ಪುಟ ಹುಡುಕಿ, ಎಂಟನೆಯದನ್ನು ನನ್ನ ಮುಂದೆ ಇಟ್ಟರು.

“ಇದು ಕಣ್ತಪ್ಪಿ ಆಗಿದ್ದಾ, ಕುವಾಬಾರಾ?”

“ಅಲ್ಲ ಸೆನ್ಸೇ. ಬೇಕಂತಲೇ ಬಿಟ್ಟೆ.”

ಬೆರಳ ಗುರುತಿದ್ದ ಪುಟಗಳನ್ನು ಎತ್ತಿಟ್ಟಿದ್ದೆ. ತಂದು ತೋರಿಸಿದೆ. ಅವರು ಒಂದು ಗುರುತಿನ ಮೇಲೆ ತಮ್ಮ ಬೆರಳಿಟ್ಟು ನೋಡಿದರು.

“ನನ್ನ ಹತ್ರ ಯಾಕೆ ಕೇಳಲಿಲ್ಲ ಅವಳು?”

“ನೀವು ಕೊಡ್ತಿರಲಿಲ್ಲ.”

ಕೆಲಸ ಹೋಯಿತು ಎಂದುಕೊಂಡೆ. ಹೋಗಲಿಲ್ಲ. ಮುಂದಿನ ಗುರುವಾರಕ್ಕೆ ಸೆನ್ಸೇ ಕಥೆ ಮುಗಿಸಿದರು. ಓದುಗರು ಮೂಟೆಗಟ್ಟಲೆ ಕಾಗದ ಬರೆದು ಬೈದರು. ಆರು ವರ್ಷದ ನಂತರ ಅವರು ತೀರಿಕೊಂಡಾಗ ನಾನೇ ನಿಂತು ಬಲ ಅಂಚು ಮೇಲೆ ತಂದು ಉಡಿಸಿದೆ. ನನ್ನ ಬಳಿಯಿದ್ದ ಆ ಎಂಟನೆಯ ಸಂಪುಟವನ್ನು, ತಾಯಿಯ ಜೊತೆ ಮಗಳೂ ಇರಲಿ ಎಂದು, ಶವಪೆಟ್ಟಿಗೆಯೊಳಗೆ ಇಟ್ಟೆ. ಪೆಟ್ಟಿಗೆಯೂ ಪುಸ್ತಕವೂ ಉರಿದವು. ಶೂ ಮಾತ್ರ ನೆರಿಮಾದಲ್ಲೇ ಇರುವ ನನ್ನ ಮನೆಗೆ ಬಂತು. ಹೊಸ್ತಿಲ ಬಳಿ ಇಟ್ಟೆ, ಮೂತಿ ಹೊರಕ್ಕೆ.

ಹೋದ ವರ್ಷ ಸುಗೆನೊ ಬಂದ. ತಲೆಯೆಲ್ಲ ನರೆತಿದೆ, ಮಾತು ಮಾತ್ರ ಹಳೆಯದೇ.

“ಈಗ ಯಾರೂ ತಿರುಗಿಸಲ್ಲ ಕುವಾಬಾರಾ ಸಾನ್. ನಾವು ಓದೋ ಹಾಗೇ ಬೇಕಂತಾರೆ, ಬಲದಿಂದ ಎಡಕ್ಕೆ. ಅಲ್ಲಿನ ಮಕ್ಕಳೇ ಹಟ ಹಿಡಿದಿವೆ. ಹದಿನೆಂಟು ಭಾಷೆ!”

ಹಳೆಯ ಪ್ರತಿಗಳು ಏನಾದವು ಎಂದು ಕೇಳಿದೆ. ದಾಸ್ತಾನೆಲ್ಲ ರದ್ದಿಗೆ ಹೋಯಿತಂತೆ, ಅಂಥ ತಲೆಕೆಳಗಾದ ಪುಸ್ತಕ ಯಾರಿಗೆ ಬೇಕು ಎಂದು ನಕ್ಕ. ಅವನು ತಂದ ಎಂಟನೆಯ ಸಂಪುಟದ ಹೊಸ ಪ್ರತಿಯಲ್ಲಿ ಕೊನೆಯ ಪುಟ ತೆರೆದೆ. ಸೇತುವೆಯ ಮೇಲೆ ಕಾಯೊ, ಎಡ ಅಂಚು ಮೇಲೆ. ಹದಿನೆಂಟು ಭಾಷೆಯಲ್ಲೂ ಬದುಕಿದ್ದಾಳೆ. ಅವಳಿಗೆ ಹೊರಡಲು ಉಡಿಸಿದ ಒಂದೇ ಒಂದು ಪುಟವಿತ್ತು, ಅದನ್ನು ಅವರು ರದ್ದಿಗೆ ಹಾಕಿದರು, ನಾನು ಸುಟ್ಟೆ.

ಮರುದಿನ ಬೆಳಿಗ್ಗೆ ಶೂ ಒಳಮುಖವಾಗಿತ್ತು.

ಸುಗೆನೊ ಬಿಟ್ಟುಹೋದ ಪ್ರತಿಯಲ್ಲಿ ಬಲ ಅಂಚು ಮೇಲೆ ಬರುವಂತೆ ತಿದ್ದಿ ನೋಡಿದೆ. ಎಪ್ಪತ್ತು ದಾಟಿದ ಕೈ, ಆದರೂ ತಿದ್ದಿದೆ. ಲಕ್ಷಗಟ್ಟಲೆ ಪ್ರತಿಗಳ ಎದುರು ಒಂದು ಏನು ಮಾಡೀತು? ಎಲ್ಲೆಲ್ಲಿ ಪುಸ್ತಕ ತೆರೆಯುತ್ತದೋ ಅಲ್ಲೆಲ್ಲ ಅವಳು ದೀಪ ಹಿಡಿದು ಹೋಗಬೇಕಲ್ಲ. ಒಂದು ದಿನ ಶೂ ತುಂಬ ಸಮುದ್ರದ ಮರಳಿತ್ತು. ನೆರಿಮಾದಲ್ಲಿ ಸಮುದ್ರ ಎಲ್ಲಿದೆ? ಮೊನ್ನೆ, ಆಗಸ್ಟಿನ ಸೆಕೆಯಲ್ಲಿ, ಅಂಗಾಲಿನ ಜಾಗದಲ್ಲಿ ಹಿಮ ಕರಗುತ್ತಿತ್ತು. ಅಟ್ಟೆ ಸವೆದು ತೂತು ಬೀಳುವ ಹಾಗಿದೆ.

ತೊಳೆದು, ಒಣಬಟ್ಟೆಯಲ್ಲಿ ಒರೆಸಿ, ಮೂತಿಯನ್ನು ಬಾಗಿಲ ಕಡೆ ತಿರುಗಿಸಹೋದೆ. ಕೈ ಬರಲಿಲ್ಲ. ಒಳಮುಖವಾಗಿಯೇ ಬಿಟ್ಟು, ಎರಡು ಲೋಟ ಬಾರ್ಲಿ ಚಹಾ ತಂದು ಹೊಸ್ತಿಲ ಬಳಿ ಕೂತೆ.

“ಸ್ವಲ್ಪ ಕೂತ್ಕೋ ಮಗು,” ಎಂದೆ. “ಇನ್ನೂ ಎಷ್ಟು ಮನೆಗೆ ದೀಪ ಹಿಡಿಯೋದಿದೆಯೋ.”