ಎರಡು ಹಲ್ಲಿನ ತ್ವಾಟಾ

ಸಾಂಬ್ರಾಣಿ ಊರಿನ ದ್ಯಾಮಪ್ಪ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡಿ ಒಂದು ಮಾತು ಹೇಳಿದನೆಂದರೆ ಮುಗಿಯಿತು, ಹಳಿಯಾಳದಿಂದ ಮುಂಡಗೋಡದವರೆಗೆ ಯಾವ ಸಂತೆಯಲ್ಲೂ ಅದಕ್ಕೆ ಎರಡನೇ ಮಾತಿರಲಿಲ್ಲ. ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ಅವನ ಅಂದಾಜು ತಪ್ಪಿರಲಿಲ್ಲ. ಆ ಹೆಸರು ಮತ್ತು ತಲೆಯ ಮೇಲಿನ ಇಪ್ಪತ್ತು ಮೊಳದ ಕೆಂಪು ರುಮಾಲು, ಇವೆರಡೇ ಅವನ ಆಸ್ತಿ. "ಹೊಲ ಎಲ್ಲೈತಿ ಅಂತ ಕೇಳಿದ್ರ ನಮ್ಮವ್ರು ರುಮಾಲು ತೋರಸ್ತಾರ" ಎಂದು ಹೆಂಡತಿ ಮಹಾದೇವಕ್ಕ ಆಡಿಕೊಳ್ಳುವುದಿತ್ತು.

ಪೋರ್ಚುಗೀಸರು ಗೋವೆಯಿಂದ ಗಂಟುಮೂಟೆ ಕಟ್ಟಿದ ಮರುವರ್ಷದ ಮಾತು. ಹಳಿಯಾಳದ ಕಟ್ಟಿಗೆ ಸಾಹುಕಾರ ಕರಿಬಸಪ್ಪ ದ್ಯಾಮಪ್ಪನನ್ನು ಹೇಳಿಕಳಿಸಿ ಕರೆಸಿದ.

"ದ್ಯಾಮಣ್ಣ, ಗೋವಾದಿಂದ ಎರಡು ಜಪಾನಿ ಕಾರು ಬಂದಾವ, ಟೊಯೋಟಾ ಅಂತ. ಒಂದು ಹೊಸಾದು, ಒಂದು ಓಡಿಸಿದ್ದು. ಯಾವುದು ತಗೋಬೇಕು, ನೀನ ಹೇಳು."

"ತ್ವಾಟಾ? ತ್ವಾಟಕ್ಕ ನೀರ ಹಾಯಿಸಾಕೇನ್ರಿ ಸಾವ್ಕಾರ್ರ?"

"ತ್ವಾಟ ಅಲ್ಲೋ ಮಾರಾಯಾ, ಕಾರು! ಕುಂತು ಹೋಗೂದು."

ಕಾರಿಗೂ ಎತ್ತಿಗೂ ಎಲ್ಲಿಯ ಸಂಬಂಧ ಎಂದು ನೀವು ಕೇಳಬಹುದು. ಕರಿಬಸಪ್ಪ ಕೇಳಲಿಲ್ಲ. ಕಾಡಿನಿಂದ ಸಾಗವಾನಿ ದಿಮ್ಮಿ ಎಳೆಯುವ ಅವನ ಹನ್ನೆರಡು ಜೋಡಿ ಎತ್ತುಗಳನ್ನೂ ಆರಿಸಿದವನು ದ್ಯಾಮಪ್ಪನೇ. ನಾಲ್ಕು ಕಾಲಿದ್ದದ್ದು ಯಾವುದೇ ಇರಲಿ, ದ್ಯಾಮಪ್ಪ ಕೈಯಾಡಿಸದೆ ಅವನು ಕೊಳ್ಳುವವನಲ್ಲ.

ಕಟ್ಟಿಗೆ ಅಡ್ಡೆಯ ಮುಂದೆ ಎರಡು ನೀಲಿ ಕಾರುಗಳು ಅವಳಿಜವಳಿಯ ಹಾಗೆ ನಿಂತಿದ್ದವು. ಮುಂದೆ ಸಣ್ಣ ಇಳಿಜಾರು, ಅದರ ಕೆಳಗೆ ಕೆರೆ. ಹೊಸ ಕಾರು ಜೋಯಿಡಾದ ರಸ್ತೆಯ ಧೂಳು ಮೆತ್ತಿಕೊಂಡು ಕೆಂಪಾಗಿತ್ತು. ಹಳೆಯದಕ್ಕೆ ಗೋವೆಯ ದಲಾಲಿ ಹೊಸ ಬಣ್ಣ ಬಳಿಸಿ, ದಾರಿಯುದ್ದಕ್ಕೂ ತಾಡಪತ್ರಿ ಹೊದಿಸಿ ಲಾರಿಯ ಮೇಲೆ ತಂದಿದ್ದ. ಅದು ಮದುಮಗನಂತೆ ಮಿಂಚುತ್ತಿತ್ತು.

ಕಾರು ಓಡಿಸಿ ನೋಡಲೆಂದು ದಾಂಡೇಲಿಯಿಂದ ಗೂಳಪ್ಪ ಬಂದಿದ್ದ. ಕಾಗದದ ಗಿರಣಿಗೆ ಬಿದಿರು ಹೊರುವ ಲಾರಿಯ ಚಾಲಕ ಅವನು. ಯಂತ್ರದ ವಿಷಯಕ್ಕೆ ದನದವನನ್ನು ಕರೆಸಿದ್ದು ನೋಡಿ ಅವನ ಮೈಯೆಲ್ಲ ಉರಿಯಿತು.

"ಕಾಕಾ, ತಗೊಳ್ಳೂದು ದೂರ ಉಳೀತು. ಇದರಾಗ ಹೊಸಾದು ಯಾವುದು ಅಷ್ಟ ಹೇಳು ನೋಡೂಣು. ತಪ್ಪಿದ್ರ ಆ ರುಮಾಲು ನಂದು."

"ಸೈ," ಎಂದುಬಿಟ್ಟ ದ್ಯಾಮಪ್ಪ.

ಅವನು ಎರಡೂ ಕಾರುಗಳನ್ನು ಮೂರು ಸುತ್ತು ಹಾಕಿದ. ಪಕ್ಕೆ ತಟ್ಟಿದ. ಬೆನ್ನಿನ ಮೇಲೆ ಸುಳಿ ಹುಡುಕಿದ, ಸಿಗಲಿಲ್ಲ. ಬಾಲವೂ ಇರಲಿಲ್ಲ. ಕೊನೆಗೆ ಮುಂದೆ ಕುಕ್ಕುರುಗಾಲಲ್ಲಿ ಕೂತು ಮೂತಿ ನೋಡಿದ, ಮುಖ ಅರಳಿತು. ಹಲ್ಲು! ಧೂಳು ಹಿಡಿದ ಕಾರಿನ ಮೂತಿಯಲ್ಲಿ ಬೆಳ್ಳಿ ಬಣ್ಣದ ಎಂಟು ಪಟ್ಟಿ. ಮಿಂಚುವ ಕಾರಿನಲ್ಲಿ ಎರಡೇ. ಉಳಿದ ಆರನ್ನು ಗೋವೆಯ ಯಾವ ತೆಂಗಿನಮರ ನುಂಗಿತ್ತೋ, ದಲಾಲಿಗೇ ಗೊತ್ತು.

ಎತ್ತಿಗೆ ಎರಡು ಹಲ್ಲಿದ್ದರೆ ಎಳೆಯ ಹೋರಿ, ಎಂಟು ತುಂಬಿದರೆ ಬಾಯಿಗೂಡಿತು, ಪ್ರಾಯ ಇಳಿಯಿತು. ಸಂತೆಯಲ್ಲಿ ಇದು ಕೂಸಿಗೂ ಗೊತ್ತು.

ದ್ಯಾಮಪ್ಪ ಎದ್ದು ಮಿಂಚುವ ಕಾರಿನ ಬೆನ್ನು ಚಪ್ಪರಿಸಿದ. "ಇದು ಹೊಸಾದು. ಎರಡು ಹಲ್ಲಿನ ಹೋರಿ. ಅದು ಬಾಯಿಗೂಡಿದ್ದು, ಇನ್ನ ಅದರ ಕೈಲೆ ಆಗೂದಿಲ್ಲ."

ಗೂಳಪ್ಪ ದಿಮ್ಮಿಯ ಮೇಲೆ ಬಿದ್ದು ಬಿದ್ದು ನಕ್ಕ. ಆಮೇಲೆ ಎರಡರ ಬಾಗಿಲೂ ತೆರೆದು ಮೈಲಿ ಅಂಕಿ ತೋರಿಸಿದ. "ನಿನ್ನ ಹೋರಿ ನಲವತ್ತು ಸಾವಿರ ಮೈಲಿ ಓಡೇತಿ ಕಾಕಾ! ಅದು ಗೋವಾದಿಂದ ಇಲ್ಲೀತನಾ, ಬರೇ ತೊಂಬತ್ತು."

ದಲಾಲಿ ಆಕಾಶ ನೋಡಿದ. ಕರಿಬಸಪ್ಪ ನೆಲ ನೋಡಿದ. ದ್ಯಾಮಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಬರಿದಲೆಯಲ್ಲಿ ಊರು ಸೇರಬೇಕು, ಮಹಾದೇವಕ್ಕನ ಮುಖ ನೋಡಬೇಕು. ನಾಳೆ ಮುಂಡಗೋಡ ಸಂತೆಯಲ್ಲಿ ಅವನು ಎತ್ತಿನ ಬಾಯಿಗೆ ಕೈ ಹಾಕಿದರೆ ಜನ ನಗುತ್ತಾರೆ. ಕಣ್ಣು ಹನಿಗೂಡಿದರೂ ಅವನು ಮಾತಿಗೆ ತಪ್ಪುವವನಲ್ಲ. ಒಂದೊಂದೇ ಸುತ್ತು ರುಮಾಲು ಬಿಚ್ಚಿದ.

"ತಗೋ, ನಿಂದ. ಒಂದು ಗಳಿಗಿ ಮಾತ್ರ ನನ್ನ ಕಡೆ ಇರಲಿ. ಸಾವ್ಕಾರ್ರು ಯಾವುದು ಕೊಳ್ತಾರೋ ಗೊತ್ತಿಲ್ಲ. ಆದ್ರ ಬ್ಯಾರೆಯವ್ರ ಮನ್ಯಾಗ ಮೇದು ಬಂದದ್ದನ್ನ ಕಟ್ಟಬೇಕು. ಬಿಟ್ರ ಹಳೇ ಮನಿಗೆ ಓಡತೈತಿ."

ಎಂದವನೇ ರುಮಾಲನ್ನು ಹುರಿ ಮಾಡಿ, ಒಂದು ತುದಿಯನ್ನು ಹಳೆಯ ಕಾರಿನ ಹಿಂದಿನ ಬಂಪರಿಗೂ ಇನ್ನೊಂದನ್ನು ಅಡ್ಡೆಯ ಕಂಬಕ್ಕೂ ಬಿಗಿದು ಕಟ್ಟಿದ.

"ಓಡಿಹೋಗತೈತಂತ!" ಗೂಳಪ್ಪನಿಗೆ ನಗೆ ತಡೆಯಲಾಗಲಿಲ್ಲ. ಅದೇ ಕಾರಿನೊಳಗೆ ಕೂತು ಹಾರ್ನ್ ಬಾರಿಸಿ, ಹ್ಯಾಂಡ್ ಬ್ರೇಕ್ ಸಡಿಲಿಸಿ ಕೂಗಿದ. "ಓಡು ಮಗನ, ಗೋವಾಕ್ಕ ಓಡು!"

ಅಷ್ಟರಲ್ಲಿ ಕರಿಬಸಪ್ಪ "ಚಾ ಆರತೈತಿ, ಬರ್ರೆಪಾ" ಎಂದು ಕರೆದ. ಗೂಳಪ್ಪ ಬ್ರೇಕ್ ಮರೆತು ಇಳಿದು, ಬಾಗಿಲನ್ನು ಧಡಾರನೆ ಹಾಕಿ ಹೊರಟ. ಅಷ್ಟೇ ಸಾಕಾಯಿತು. ಕಾರು ಮೆಲ್ಲಗೆ ಮಿಸುಕಿತು. ಮುಂದೆ ಸರಿಯಿತು. ಕೆರೆಯ ಕಡೆ ಮೂತಿ ಇಳಿಸಿತು. ಗೋವೆಯೂ ಅದೇ ದಿಕ್ಕಿನಲ್ಲಿ ಇದ್ದದ್ದು ಕಾಕತಾಳೀಯ. ರುಮಾಲು ಬಿಗಿಯಿತು, ಕಂಬ ಕಿರ್ರೆಂದಿತು, ಕಾರು ನಿಂತಿತು.

ಎಲ್ಲರೂ ಚಹಾ ಚೆಲ್ಲಿ ಓಡಿಬಂದರು. ಗೂಳಪ್ಪ ಬೆವರುತ್ತ ಒಳಗೆ ನುಗ್ಗಿ ಬ್ರೇಕ್ ಎಳೆದ. ಇಳಿದಾಗ ಅವನ ಮೋರೆಯಲ್ಲಿ ನಗೆ ಉಳಿದಿರಲಿಲ್ಲ. ತಾನೇ ಕಂಬದ ಗಂಟು ಬಿಚ್ಚಿ, ಬಂಪರಿನ ಗಂಟೂ ಬಿಚ್ಚಿ, ರುಮಾಲು ಝಾಡಿಸಿ ದ್ಯಾಮಪ್ಪನ ಕೈಗೆ ಕೊಟ್ಟ.

"ಹಾಕ್ಕೋ ಕಾಕಾ. ಇದು ನನ್ನ ತಲಿಗೆ ಒಪ್ಪೂದಲ್ಲ."

ದ್ಯಾಮಪ್ಪ ಅವಸರ ಮಾಡಲಿಲ್ಲ. ಇಪ್ಪತ್ತು ಮೊಳವನ್ನೂ ಸುತ್ತಿ, ತುದಿ ಸಿಕ್ಕಿಸಿ, ಧೂಳು ಹೊತ್ತು ಸುಮ್ಮನೆ ನಿಂತಿದ್ದ ಹೊಸ ಕಾರಿನ ಕಡೆ ಕೈ ತೋರಿಸಿದ.

"ನೋಡ್ರಿ ಸಾವ್ಕಾರ್ರ, ಅದು ಹೆಂಗ ಗಪ್ ನಿಂತೈತಿ. ಬಾಯಿಗೂಡಿದ್ದು. ಹಗ್ಗ ಜಗ್ಗಿ ಓಡಾಕ ನೋಡಿದ್ದು ಯಾವುದು? ಈಗರ ಹೇಳ್ರಿ, ಹೋರಿ ಯಾವುದು?"

ಕರಿಬಸಪ್ಪ ಎರಡು ಹಲ್ಲಿನದನ್ನೇ ಕೊಂಡ.