ಹುಣಸೆಹುಳಿಯಲ್ಲಿ ಮಿಂದ ರಾಜರು

ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಆ ಮುಖ ಕಾಣುತ್ತಿತ್ತು. ನೇರವಾಗಿ ನೋಡಿದವರಿಗೆ ಅದೊಂದು ಕಪ್ಪು ತಾಮ್ರದ ಬಿಲ್ಲೆ, ಅಷ್ಟೆ. ಧರಣೇಂದ್ರಯ್ಯ ಮೇಷ್ಟ್ರು ಅದರ ಅಂಚನ್ನು ಎರಡು ಬೆರಳುಗಳ ನಡುವೆ ಹಿಡಿದು ಕಿಟಕಿಯ ಕಡೆ ಮೆಲ್ಲಗೆ ವಾಲಿಸಿದಾಗ, ಕತ್ತಲೊಳಗಿಂದ ಯಾರೋ ತಲೆಯೆತ್ತಿದಂತೆ ಒಂದು ಮೂಗು, ಒಂದು ಗದ್ದ, ಎಲೆಗಳ ಕಿರೀಟ ಮೂಡುತ್ತಿದ್ದವು. “ಕಂಡನೇ?” ಎಂದು ಅವರು ಪಿಸುಗುಟ್ಟುತ್ತಿದ್ದರು, ಜೋರಾಗಿ ಕೇಳಿದರೆ ರಾಜ ಮತ್ತೆ ಒಳಗೆ ಹೋಗಿಬಿಟ್ಟಾನು ಎಂಬಂತೆ.

ಆಗ ನಾನು ಪದವಿ ಮುಗಿಸಿ, ಮುಂದೇನೆಂದು ತೋಚದೆ, ಅವರ ಮನೆಯ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದೆ. ಪುಸ್ತಕ ತೆರೆದರೆ ಎದ್ದು ಓಡಾಡಬೇಕೆನಿಸುತ್ತಿತ್ತು, ಓಡಾಡಿದರೆ ಮಲಗಬೇಕೆನಿಸುತ್ತಿತ್ತು. ಕೆಳಗಿಳಿದು ಮೇಷ್ಟ್ರ ಮೇಜಿನ ಮುಂದೆ ಕೂತಾಗ ಮಾತ್ರ ನನ್ನ ಕಾಲುಗಳು ಸುಮ್ಮನಾಗುತ್ತಿದ್ದವು.

ಅವರು ಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು. ಹಡಗಿನ ಕೆಲಸ ಬಿಟ್ಟು ಬಂದವರಿಗೆ, ಹಳೇ ಪಾತ್ರೆ ವ್ಯಾಪಾರಿಗಳಿಗೆ ಚಿತ್ರ ಬರೆದುಕೊಟ್ಟು, ಬದಲಿಗೆ ನಾಣ್ಯ ಪಡೆಯುತ್ತಿದ್ದರು. ನಡುವೆ ಚೌಕ ತೂತಿನ ಚೀನಾದ ಕಂಚು, ಅರಬ್ಬೀ ಬರಹದ ತೆಳು ಬೆಳ್ಳಿ, ಡಚ್ಚರ ತಾಮ್ರದ ದುಡ್ಡು. ಎಲ್ಲವೂ ಮಾಸಲು. “ಇದನ್ನ ಕೊಳೆ ಅಂತಾರೆ ಜನ,” ಎಂದು ಒಮ್ಮೆ ಹೇಳಿದ್ದರು. “ಕೊಳೆಯಲ್ಲ ಕಣಯ್ಯಾ, ಕಾಲ. ಎಷ್ಟು ಊರು ಸುತ್ತಿ ಬಂದಿದೆ ಅನ್ನೋದಕ್ಕೆ ಇದೇ ಗುರುತು. ಇದು ಹೋದರೆ ಬರೀ ತಗಡು.”

ಅವರ ಹೆಂಡತಿ ಮರುದೇವಮ್ಮನವರಿಗೆ ಆ ನಾಣ್ಯಗಳನ್ನು ಕಂಡರಾಗುತ್ತಿರಲಿಲ್ಲ. ಮದುವೆಯಾದಂದಿನಿಂದ ಒಂದನ್ನೂ ಮುಟ್ಟಿದವರಲ್ಲ.

“ನಿಮ್ಮ ಸತ್ತ ರಾಜರನ್ನ ಊಟದ ಮನೆಗೆ ತರಬೇಡಿ,” ಎನ್ನುತ್ತಿದ್ದರು.

“ಅವರೇನು ಅನ್ನ ಕೇಳ್ತಾರೇನೇ?”

“ಅನ್ನ ಹಾಕೋಳ ಹತ್ರ ಕೂತು ಎರಡು ಮಾತಾಡೋಕೆ ನಿಮಗೆ ಪುರುಸೊತ್ತಿಲ್ಲ. ಅವರ ಹತ್ರ ಮಾತ್ರ ಗಂಟೆಗಟ್ಟಲೆ.”

ಮೊದಲನೆಯದು ತಮಾಷೆ. ಎರಡನೆಯದು ತಮಾಷೆಯಲ್ಲ ಎಂದು ನನಗೆ ತಿಳಿಯುತ್ತಿತ್ತು. ಮೇಷ್ಟ್ರಿಗೆ ತಿಳಿಯುತ್ತಿತ್ತೋ ಇಲ್ಲವೋ.

ಊರಿನ ಹಳೆಯ ಛತ್ರವನ್ನು ವಸ್ತುಸಂಗ್ರಹಾಲಯ ಮಾಡುವ ಕೆಲಸ ಆಗ ನಡೆದಿತ್ತು. ಅದರ ಹೊಣೆ ಹೊತ್ತಿದ್ದ ವಾಮನಮೂರ್ತಿ ಎಂಬ ಪರವೂರಿನ ವಿದ್ವಾಂಸರು ಬಂದು ನಾಣ್ಯಗಳನ್ನು ನೋಡುವುದಾಗಿ ಹೇಳಿಕಳಿಸಿದರು. ಅವರು ಒಪ್ಪಿದರೆ ಗಾಜಿನ ಪೆಟ್ಟಿಗೆ, ಅದರ ಕೆಳಗೆ ಮೇಷ್ಟ್ರ ಹೆಸರು. “ಈ ಊರಲ್ಲಿ ನನ್ನನ್ನ ತುಕ್ಕು ಮೇಷ್ಟ್ರು ಅಂತಾರೆ,” ಎಂದರು ಮೇಷ್ಟ್ರು. “ಅವರೆಲ್ಲ ಒಂದು ಸಲ ಬಂದು ಗಾಜಿಗೆ ಮೂಗು ಒತ್ತಿ ನೋಡಬೇಕು. ಇನ್ನೇನೂ ಬೇಡ ನನಗೆ.”

ಆ ದಿನ ಅವರು ಬೆಳಿಗ್ಗೆಯೇ ಬಸದಿಗೆ ಹೋಗಿ, ಅಲ್ಲಿಂದ ಅತಿಥಿಯನ್ನು ಕರೆತರಲು ಬಸ್ ನಿಲ್ದಾಣಕ್ಕೆ ಹೋದರು. ನಾಣ್ಯಗಳನ್ನು ಜೋಡಿಸಿಡಲೆಂದು ನಾನು ಕೆಳಗಿಳಿದೆ. ಮೇಜಿನ ಬಟ್ಟೆಯ ಮೇಲೆ ನಾಣ್ಯಗಳು ಧಗಧಗ ಹೊಳೆಯುತ್ತಿದ್ದವು.

ಮರುದೇವಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. ನೀರಲ್ಲಿ ನೆನೆದು ಅವರ ಬೆರಳ ತುದಿಗಳು ಸುಕ್ಕಾಗಿದ್ದವು.

“ಹೇಗಿದೆ? ಹುಣಸೆಹುಳಿ, ಉಪ್ಪು. ಹಟ ಮಾಡಿದೋರಿಗೆ ತೆಂಗಿನ ನಾರು. ದೊಡ್ಡೋರು ಬರೋ ದಿನ ಮಸಿ ಹಿಡಿದದ್ದನ್ನ ತೋರಿಸಿದರೆ, ಈ ಮನೇಲಿ ಹೆಂಗಸರಿಲ್ಲವಾ ಅನ್ನಲ್ವೇ?” ಅವರು ನಕ್ಕರು. “ನಮ್ಮೋರ ರಾಜರಿಗೆ ನಾನೂ ಒಂದು ಸಲ ಅಭ್ಯಂಜನ ಮಾಡಿಸಿದೆ. ನೋಡಿ ಏನಂತಾರೋ.”

ನಾನು ಎಲೆಕಿರೀಟದ ರಾಜನನ್ನು ಎತ್ತಿಕೊಂಡು ಕಿಟಕಿಯ ಕಡೆ ವಾಲಿಸಿದೆ. ಮೂಡಿ ಬರಲು ಅಲ್ಲಿ ಕತ್ತಲೇ ಉಳಿದಿರಲಿಲ್ಲ. ಮೂಗಿನ ಮೇಲೆ ನಾರಿನ ಗೀರುಗಳಿದ್ದವು.

“ಚೆನ್ನಾಗಿದೆ ಅಮ್ಮ,” ಎಂದೆ.

ಬಾಗಿಲಿಗೆ ಹೋದೆ, ಒಳಗೆ ಬಂದೆ, ಮತ್ತೆ ಬಾಗಿಲಿಗೆ ಹೋದೆ. ನಿಲ್ದಾಣಕ್ಕೆ ಓಡಿ ಮೇಷ್ಟ್ರನ್ನು ತಡೆಯಲೇ? ತಡೆದು ಹೇಳುವುದೇನನ್ನು? ಚಪ್ಪಲಿ ಮೆಟ್ಟುವಷ್ಟರಲ್ಲಿ ಅವರಿಬ್ಬರೂ ತಿರುವಿನಲ್ಲಿ ಕಾಣಿಸಿಕೊಂಡರು. ಮೇಷ್ಟ್ರು ಕೈ ಆಡಿಸುತ್ತ ಏನೋ ವಿವರಿಸುತ್ತಿದ್ದರು. ಅವರನ್ನು ಅಷ್ಟು ಉಮೇದಿನಲ್ಲಿ ನಾನು ನೋಡಿರಲಿಲ್ಲ.

ವಾಮನಮೂರ್ತಿ ಕುರ್ಚಿ ಎಳೆದುಕೊಂಡು ಕೂತರು. ಮೇಷ್ಟ್ರೂ ನಾನೂ ಎದುರಿಗೆ ಕೂತೆವು. ಒಂದು ನಾಣ್ಯ ಎತ್ತಿದರು, ಇಟ್ಟರು. ಇನ್ನೊಂದನ್ನು ಎತ್ತಿ ಭೂತಗನ್ನಡಿ ಹಿಡಿದರು.

“ಇದನ್ನ ತೊಳೆದದ್ದು ಯಾರು?”

ಅಡುಗೆಮನೆಯ ಪರದೆಯ ಹಿಂದೆ ಲೋಟಗಳ ಸದ್ದು ನಿಂತಿತು. ಅತಿಥಿಯ ಮುಖವನ್ನೇ ನೋಡುತ್ತಿದ್ದ ಮೇಷ್ಟ್ರು ಆಗಷ್ಟೇ ಮೇಜನ್ನು ನೋಡಿದರು. ಆಮೇಲೆ ಹುಣಸೆಯ ವಾಸನೆ ಅವರ ಮೂಗಿಗೂ ತಾಗಿರಬೇಕು. ಪರದೆಯ ಕಡೆ ನೋಡಿದರು.

“ನಾನೇ ಸ್ವಾಮಿ.”

“ನೀವಾ? ಜೀವಮಾನವಿಡೀ ಕೂಡಿಸಿದೋರು! ಇಷ್ಟೂ ಗೊತ್ತಿಲ್ವೇ?”

“ಚೆನ್ನಾಗಿ ಹೊಳೀಲಿ ಅನ್ನಿಸ್ತು.”

“ಪಾತ್ರೆ ಅಂಗಡಿ ಇಡೋ ಯೋಚನೆಯೇ ಮೇಷ್ಟ್ರೇ?” ಅವರು ದೊಡ್ಡದಾಗಿ ನಕ್ಕರು. “ಇವನ್ನ ಗಾಜಿನೊಳಗಿಟ್ಟರೆ ತಿಳಿದೋರು ನನಗೆ ಉಗೀತಾರೆ. ಬೇಜಾರು ಮಾಡ್ಕೋಬೇಡಿ.”

ನನ್ನ ಬಾಯಿ ತೆರೆದದ್ದು ನಿಜ. ಮೇಷ್ಟ್ರು ಮೇಜಿನ ಕೆಳಗೆ ನನ್ನ ಮೊಣಕಾಲ ಮೇಲೆ ಕೈಯಿಟ್ಟರು. ಆ ಕೈಯಲ್ಲಿ ಒತ್ತಡವೇನೂ ಇರಲಿಲ್ಲ. ಆದರೂ ತೆರೆದ ಬಾಯಿ ಮುಚ್ಚಿದೆ.

ಮರುದೇವಮ್ಮ ಕಾಫಿ ತಂದಿಟ್ಟು ಯಾರ ಮುಖವನ್ನೂ ನೋಡದೆ ಒಳಗೆ ಹೋದರು. ಅತಿಥಿ ಕಾಫಿಯನ್ನು ಹೊಗಳಿ, ಮುಂದಿನ ಬಸ್ಸಿಗೆ ಹೊರಟುಹೋದರು. ಅವರ ಹೆಜ್ಜೆಯ ಸದ್ದು ಅಡಗಿದ ಮೇಲೆ ಪರದೆ ಸರಿಯಿತು.

“ಯಾಕೆ ಸುಳ್ಳು ಹೇಳಿದಿರಿ?”

“ಇಲ್ಲದಿದ್ದರೆ ನಿನ್ನ ನೋಡಿ ನಗ್ತಿದ್ದ.”

“ನಗಲಿ. ಮಾಡಿದೋಳು ನಾನು.”

“ನನ್ನ ನೋಡಿ ನಕ್ಕು ಈ ಊರಿಗೆ ಅಭ್ಯಾಸ ಆಗಿದೆ ಬಿಡು. ನಿನ್ನನ್ನ ಯಾಕೆ ಸೇರಿಸೋದು?”

ಮರುದೇವಮ್ಮ ಅತಿಥಿ ಬಿಟ್ಟುಹೋದ ಕುರ್ಚಿಯಲ್ಲಿ, ಗಂಡನ ಎದುರಿಗೆ ಕೂತರು.

“ಮತ್ತೆ ಕಪ್ಪಾಗಲ್ವಾ ಇವು?”

“ಆಗ್ತವೆ. ನಾವು ನೋಡೋಕಿರಲ್ಲ.”

“ಏನೂ ಮಾಡೋಕಾಗಲ್ವಾ?”

“ಕೈಯಲ್ಲಿ ಇಟ್ಕೊಂಡರೆ ಬೇಗ ಮಾಸ್ತವೆ. ಬೆವರಿಗೆ.”

ಮರುದೇವಮ್ಮ ಒಂದನ್ನು ಎತ್ತಿಕೊಂಡು ಕಣ್ಣಿನ ಹತ್ತಿರ ತಂದರು. “ಯಾರಿವಳು, ಇಷ್ಟು ಚೂಪು ಮೂಗಿನೋಳು?”

ಮೇಷ್ಟ್ರು ತಡವರಿಸುತ್ತ ಹೇಳತೊಡಗಿದರು. ನಾನು ಸದ್ದಾಗದಂತೆ ಎದ್ದು ಮಹಡಿಗೆ ಬಂದೆ. ಕೋಣೆಯಲ್ಲಿ ಕೂರಲೂ ಆಗದೆ, ಕೆಳಗಿಳಿಯಲೂ ಆಗದೆ ಅತ್ತಿಂದಿತ್ತ ತಿರುಗಿದೆ. ಕೆಳಗಿನ ಮಾತು ನಿಲ್ಲಲಿಲ್ಲ.

ಗಾಜಿನ ಪೆಟ್ಟಿಗೆಯ ಮಾತನ್ನು ಮೇಷ್ಟ್ರು ಮತ್ತೆಂದೂ ಎತ್ತಲಿಲ್ಲ. ಕೆಲವು ಸಂಜೆ ಛತ್ರದ ದಾರಿ ಬಿಟ್ಟು ಸುತ್ತಿ ಬರುತ್ತಿದ್ದುದನ್ನು ನಾನು ಗಮನಿಸಿದ್ದೆ.

ಎಲ್ಲಿಯೋ ಕೆಲಸ ಸಿಕ್ಕಿ ನಾನು ಊರು ಬಿಟ್ಟ ದಿನ ಮರುದೇವಮ್ಮ ಮೆಟ್ಟಿಲ ಮೇಲೆ ಬಿಸಿಲಿಗೆ ಕೂತು ದಂಟಿನ ಸೊಪ್ಪು ಬಿಡಿಸುತ್ತಿದ್ದರು. ಬಲಗೈಯೊಂದರಲ್ಲೇ. ಎಡಗೈ ಮುಷ್ಟಿ ಕಟ್ಟಿತ್ತು. ಕೈಗೇನಾಯಿತು ಅಮ್ಮ ಎಂದು ಕೇಳಿದೆ.

“ಏನಿಲ್ಲಪ್ಪ. ದಿನಕ್ಕೊಬ್ಬರ ಸರದಿ,” ಎಂದು ಮುಷ್ಟಿ ಬಿಚ್ಚಿ ತೋರಿಸಿದರು. ಬೆವರಿದ ಅಂಗೈಯಲ್ಲಿ ಒಂದು ನಾಣ್ಯವಿತ್ತು. ಅದು ಪಕ್ಕಕ್ಕೆ ಜಾರಿದಾಗ, ಒತ್ತಿ ಹಿಡಿದಿದ್ದ ಕಡೆ ಚರ್ಮದ ಮೇಲೆ ಯಾರದೋ ಮುಖ ಮಸುಕಾಗಿ ಅಚ್ಚಾಗಿತ್ತು. ನಾನು ನೋಡುತ್ತಿದ್ದಂತೆ ಅದು ಅಳಿಸಿಹೋಗತೊಡಗಿತು. ಅವರು ಮತ್ತೆ ಮುಷ್ಟಿ ಮುಚ್ಚಿ, ಇನ್ನೊಂದು ದಂಟಿಗೆ ಕೈ ಹಾಕಿದರು.