ಹೊಲಿಗೆ ಬಿಚ್ಚಿದ ಪುಸ್ತಕ

"ಮುಂದ?" ಎಂದಳು ಅಬೀದಾ, ಗೋಡೆಯ ಮೇಲೆ ಗದ್ದ ಊರಿ.

"ಮುಂದ ಇಲ್ಲ." ತಾರಾಬಾಯಿ ತಂಬಿಗೆಗೆ ಹುಣಸೆಹಣ್ಣು ತಿಕ್ಕುವುದನ್ನು ನಿಲ್ಲಿಸಲಿಲ್ಲ. "ನಿನ್ನೆ ಅಣ್ಣ ಪುಸ್ತಕ ಇಸಗೊಂಡ. ವಾಚನಾಲಯಕ್ಕ ತಿರುಗಿ ಕೊಡ್ತಾನಂತ. ಇನ್ನ ಇಂಥಾ ಪುಸ್ತಕ ಮನಿಯೊಳಗ ತರೂದಿಲ್ಲ ಅಂತ ನನ್ನ ಕಡಿಂದ ಮಾತೂ ತಗೊಂಡ."

"ಯಾ ಅಲ್ಲಾ! ಮತ್ತ ಆ ಹುಡುಗಿ? ವೇಣಿ?"

"ಸ್ಟೇಶನ್ನಿನಾಗ ನಿಂತಾಳ, ಟ್ರಂಕು ಹಿಡಕೊಂಡು. ಗಾಡಿ ಇನ್ನೂ ಬಂದಿಲ್ಲ."

ಅಬೀದಾ ತನ್ನವರೇ ಯಾರೋ ಪರವೂರಲ್ಲಿ ಸಿಕ್ಕಿಕೊಂಡ ಸುದ್ದಿ ಕೇಳಿದವಳ ಹಾಗೆ ನಿಂತಳು.

ಹಳೇ ಹುಬ್ಬಳ್ಳಿಯ ಆ ಓಣಿಯಲ್ಲಿ ಎರಡು ಮನೆಗಳ ಹಿತ್ತಲಿಗೆ ಒಂದೇ ಗೋಡೆ, ಎದೆಮಟ್ಟದ್ದು. ಈಚೆ ಮಾಮಲೇದಾರ ಕಚೇರಿಯ ಕಾರಕೂನ ಧೋಂಡೋಪಂತ, ಅವನ ಹೆಂಡತಿ ಗೋದಕ್ಕ, ಗಂಡನನ್ನು ಕಳೆದುಕೊಂಡು ತವರಿಗೆ ಬಂದ ತಂಗಿ ತಾರಾಬಾಯಿ. ಆಚೆ ಪುಸ್ತಕದ ಬೈಂಡಿಂಗ್ ಮಾಡುವ ಗುಲಾಬಸಾಬ ಮತ್ತು ಅವನ ಹೆಂಡತಿ ಅಬೀದಾ. ಮಧ್ಯಾಹ್ನ ಗೋದಕ್ಕ ಅಡ್ಡಾದ ಮೇಲೆ ಇವರಿಬ್ಬರೂ ಗೋಡೆಗೆ ಬರುತ್ತಿದ್ದರು. ಓದುತ್ತಿರುವ ಪುಸ್ತಕವನ್ನು ಒಬ್ಬರಿಗೊಬ್ಬರು ಹೇಳುತ್ತಿದ್ದರು. ಒಂದು ದಿನ ತಾರಾಬಾಯಿಯ ಕನ್ನಡ ಕಾದಂಬರಿ, ಮರುದಿನ ಅಬೀದಾಳ ಉರ್ದು ಕಿಸ್ಸೆ. ಇವಳ ಅಕ್ಷರ ಅವಳಿಗೆ ಬಾರದು, ಅವಳದು ಇವಳಿಗೆ ಬಾರದು. ತವರೂರು ಮುಗದದಲ್ಲಿ ಮಕ್ಕಳಿಗೆ ಉರ್ದು ಕಲಿಸುತ್ತಿದ್ದ ತಂದೆಯಿಂದ ಅಬೀದಾಳಿಗೆ ಓದಿನ ಹುಚ್ಚು ಹತ್ತಿತ್ತು. ಅವಳು ಹೇಳಿದ ಕತೆಯಲ್ಲಿ ಒಬ್ಬ ಮುದುಕಿ ಬೇಗಂ ಸತ್ತ ದಿನ ತಾರಾಬಾಯಿ ತಲೆನೋವೆಂದು ಹೇಳಿ ರಾತ್ರಿ ಊಟ ಬಿಟ್ಟಿದ್ದಳು.

ಅಣ್ಣನ ಮಾತನ್ನು ತಾರಾಬಾಯಿ ಸುಮ್ಮನೆ ಒಪ್ಪಿದ್ದಕ್ಕೆ ಕಾರಣವಿತ್ತು. ಅವಳ ತಲೆ ಬೋಳಿಸಬೇಕೆಂದು ಬಂದ ಹಿರಿಯರನ್ನು ಬಾಗಿಲಲ್ಲೇ ನಿಲ್ಲಿಸಿ ಕಳಿಸಿದವನು ಅವನು. ಅವಳು ಗೋಡೆ ನೋಡುತ್ತ ಕೂತಿರುತ್ತಿದ್ದ ದಿನಗಳಲ್ಲಿ ವಾಚನಾಲಯದಿಂದ ಮೊದಲ ಪುಸ್ತಕ ತಂದು ತೊಡೆಯ ಮೇಲೆ ಇಟ್ಟವನೂ ಅವನೇ. ಆದರೆ ಅವನು ಈಗ ತೆಗೆದುಕೊಂಡು ಹೋದ ಪುಸ್ತಕದಲ್ಲಿ ವೇಣಿಯೆಂಬ ವಿಧವೆ ಕಲಿಯಲಿಕ್ಕೆಂದು ಮನೆಬಿಟ್ಟು ಹೊರಡುತ್ತಾಳೆ. ಗೋಡೆಯ ಬಳಿ ಅದನ್ನು ಹೇಳುತ್ತಿದ್ದದ್ದು ಗೋದಕ್ಕನ ಕಿವಿಗೆ ಬಿದ್ದು, ಅವಳು ಗಂಡನಿಗೆ ಹೇಳಿದ್ದಳು.

ಹತ್ತಾರು ದಿನ ಕಳೆದವು. ಒಂದು ಮಧ್ಯಾಹ್ನ ಅಬೀದಾ ಎಲ್ಲಿಲ್ಲದ ಅವಸರದಲ್ಲಿ ಗೋಡೆಗೆ ಬಂದಳು. ಬಸುರಿ, ಆಗಲೇ ಏದುಸಿರು.

"ತಾರಕ್ಕಾ, ವೇಣಿ ನಮ್ಮನ್ಯಾಗ ಅದಾಳ!"

"ಏನಂದಿ?"

"ವಾಚನಾಲಯದಾಗಿಂದ ನಮ್ಮವರು ಹರಕು ಪುಸ್ತಕ ತಂದಾರ, ಹೊಲ್ಯಾಕ. ಹೆಸರು ಓದಿಸಿ ಕೇಳೇನಿ, ಅದ ಪುಸ್ತಕರೀ. ಬಿಚ್ಚಿ ನೋಡಿದ್ರ ನನಗ ಬರೇ ಜ್ವಾಳ ಚೆಲ್ಲಿದಂಗ ಕಾಣತೈತಿ. ಬರ್ರಿ, ನೀವು ಓದ್ರಿ."

ತಾರಾಬಾಯಿಯ ಮುಖ ಅರಳಿ, ಹಾಗೇ ಬಾಡಿತು. "ಮಾತು ಕೊಟ್ಟೇನಿ, ಅಬೀದಾ."

"ಮನಿಯೊಳಗ ತರೂದಿಲ್ಲಂತ ಹೌದಿಲ್ಲೋ ಕೊಟ್ಟದ್ದು? ಪುಸ್ತಕ ನಮ್ಮ ಮನ್ಯಾಗ ಐತಿ. ನಾ ಹಿಡೀತೀನಿ, ನೀವು ಅಲ್ಲಿಂದನ ಓದ್ರಿ."

ತಾರಾಬಾಯಿ ನಕ್ಕಳು. ಆದರೆ ಅದು ಮಾತು ನಡೆಸುವ ದಾರಿಯಲ್ಲ, ಮಾತಿನಿಂದ ನುಸುಳುವ ದಾರಿ ಎಂದು ಅವಳಿಗೆ ತಿಳಿಯುತ್ತಿತ್ತು. ಮರುದಿನ ಗೋಡೆಯ ಕಡೆ ಸುಳಿಯಲಿಲ್ಲ. ಅದರ ಮರುದಿನ ಅಬೀದಾಳೇ ಕೂಗಿದಳು. ದನಿ ಎಂದಿನ ಹಾಗಿರಲಿಲ್ಲ.

"ಬರೂ ವಾರ ಮುಗದಕ್ಕ ಹೊಂಟೇನಿ, ಹಡ್ಯಾಕ. ಎರಡು ಕೂಸು ಮಣ್ಣಿಗೆ ಇಟ್ಟಾಕಿ ನಾ. ಹೋದ ಸಲ ನಾನೂ ಉಳೀತೀನೋ ಇಲ್ಲೋ ಅಂದಿದ್ರು. ತಿರುಗಿ ಬರ್ತೀನಂತ ಯಾರು ಹೇಳಬೇಕು? ಆ ಹುಡುಗೀನ ಸ್ಟೇಶನ್ನಿನಾಗ ನಿಂದರಿಸಿ ಹೋಗಾಕ ನನ್ನ ಜೀವ ಒಲ್ಲೆ ಅಂತೈತಿ."

ತಾರಾಬಾಯಿ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಗೋಡೆಯ ಹತ್ತಿರ ಬಂದಳು.

ಗುಲಾಬಸಾಬ ಆಗಲೇ ಹಳೆಯ ಹೊಲಿಗೆ ಬಿಚ್ಚಿದ್ದರಿಂದ ಪುಸ್ತಕ ಕಂತೆಕಂತೆಯಾಗಿತ್ತು. ಅಬೀದಾ ಒಂದು ಕಂತೆಯನ್ನು ಗೋಡೆಯ ಮೇಲೆ ತನ್ನ ಎರಡೂ ಅಂಗೈಗಳಲ್ಲಿ ಅಗಲಿಸಿ ಹಿಡಿದಳು. ತಾರಾಬಾಯಿ ಮುಟ್ಟದೆ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಓದಿದಳು. ಪುಟ ಮುಗಿದದ್ದು ಅಬೀದಾಳಿಗೆ ಅವಳ ದನಿ ತಡೆದಾಗಲೇ ತಿಳಿಯುತ್ತಿತ್ತು, ಹೆಬ್ಬೆರಳಿನಿಂದ ಮಗುಚುತ್ತಿದ್ದಳು. ವೇಣಿಯ ಗಾಡಿ ಬಂತು. ಹೆಂಗಸರ ಡಬ್ಬಿಯಲ್ಲಿ ಅವಳಿಗೆ ಜಾಗ ಸಿಕ್ಕಿತು. ಅಬೀದಾ ಉಸ್ಸೆಂದಳು.

ಓದಿ ಮುಗಿದ ಕಂತೆಯನ್ನಷ್ಟೇ ಗುಲಾಬಸಾಬ ಹೊಲಿಯುತ್ತಿದ್ದ. "ನಿನ್ನ ಓದಾಕಿಗೆ ಲಗೂ ಓದು ಅನ್ನು. ವಾಚನಾಲಯದವರು ಕೇಳಾಕತ್ತಾರ," ಎಂದು ಹೆಂಡತಿಗೆ ಗೊಣಗಿದ. ವಾಚನಾಲಯಕ್ಕೆ ಹೋಗಿ ಮಾತ್ರ, ಹರತಾಳದಿಂದ ಅಂಗಡಿ ಮುಚ್ಚಿದ್ದಾವ, ನೂಲು ಸಿಕ್ಕಿಲ್ಲ ಎಂದು ಹೇಳಿ ಬಂದ. ಅದು ಸುಳ್ಳೂ ಅಲ್ಲ. ಸ್ವಾತಂತ್ರ್ಯ ಚಳವಳಿಯ ಆ ವರ್ಷ ಪೇಟೆ ತೆರೆದಿದ್ದ ದಿನಗಳೇ ಕಡಿಮೆ.

ಅಬೀದಾ ಹೊರಡುವ ಹಿಂದಿನ ದಿನ ಒಂದೇ ಕಂತೆ ಉಳಿದಿತ್ತು. ವೇಣಿ ಸಾಲೆಯಲ್ಲಿ ಮೊದಲಿಗಳಾಗಿದ್ದಳು. ತಾರಾಬಾಯಿ ಓದಲು ತೊಡಗಿದ್ದಳಷ್ಟೇ, ಹಿಂದೆ ಬಳೆಯ ಸದ್ದಾಯಿತು. ಗೋದಕ್ಕ ಅವರೆಕಾಯಿಯ ಬುಟ್ಟಿ ಹಿಡಿದು ಅಡಿಗೆಮನೆಯ ಮೆಟ್ಟಿಲ ಮೇಲೆ ನಿಂತಿದ್ದಳು. ತಾರಾಬಾಯಿ ಓದು ನಿಲ್ಲಿಸಿದಳು. ಅಬೀದಾ ಪುಸ್ತಕ ಮುಚ್ಚಲು ಹೋಗಿ ತಡವರಿಸಿದಳು.

ಗೋದಕ್ಕ ಮೆಟ್ಟಿಲ ಮೇಲೆ ಕೂತು ಒಂದು ಕಾಯಿ ಸುಲಿದಳು. "ಯಾಕ ನಿಂದರಿಸಿದಿ? ಖಿಡಕ್ಯಾಗಿಂದ ಅರ್ಧಾ ಕೇಳಸ್ತದ, ಅರ್ಧಾ ಇಲ್ಲ. ಅದಕ್ಕ ಬಂದೆ."

"ವೈನಿ..."

"ಅವತ್ತ ನಿಮ್ಮಣ್ಣನ ಮುಂದ ಹೇಳಿದಾಕಿ ನಾನ. ಗೊತ್ತದ ನಿನಗ." ಗೋದಕ್ಕ ತಲೆ ಎತ್ತಲಿಲ್ಲ. "ಸಿಟ್ಟಿಲೆ ಹೇಳಲಿಲ್ಲ, ತಾರಾ. ಅಂಜಿ ಹೇಳಿದೆ. ನೀನೂ ಆಕೀಗತೆ ಟ್ರಂಕು ತಗೊಂಡು ಹೊಂಟ್ರ, ಈ ಮನ್ಯಾಗ ನನ್ನ ಜೋಡಿ ಮಾತಾಡವ್ರು ಯಾರಿದ್ದಾರ? ಅವರು ಕಚೇರಿಯಿಂದ ಬಂದು ಪೇಪರ ಹಿಡೀತಾರ. ನನಗ ಅದನ್ನೂ ಓದಲಿಕ್ಕೆ ಬರೂದಿಲ್ಲ."

ಅಬೀದಾ ಕಂತೆಯನ್ನು ಮತ್ತೆ ಅಗಲಿಸಿ ಹಿಡಿದಳು. ಆಮೇಲೆ ಗೋದಕ್ಕ, "ಓದು ಓದು. ಬಿಸಲು ಇಳೀತದ," ಎಂದಳು.

ತಾರಾಬಾಯಿ ಓದಿದಳು. ವೇಣಿಗೆ ಜ್ವರ ಬರುತ್ತದೆ. ಜ್ವರದಲ್ಲಿ ಅವಳಿಗೆ ತನ್ನ ತಪ್ಪಿನ ಅರಿವಾಗುತ್ತದೆ. ವಿದ್ಯೆಯ ಅಹಂಕಾರ ಬಿಟ್ಟು ಮನೆಗೆ ಮರಳಿ, ಅಣ್ಣನ ಪಾದದ ಮೇಲೆ ಬಿದ್ದು ಕಣ್ಣೀರಿಡುತ್ತಾಳೆ. ಅಣ್ಣ ಕ್ಷಮಿಸುತ್ತಾನೆ. ದೇವರ ಕೋಣೆಯಲ್ಲಿ ದೀಪ ಬೆಳಗುತ್ತದೆ.

"ಮುಂದ?" ಎಂದಳು ಅಬೀದಾ.

"ಇಷ್ಟ."

"ಅದ್ಹೆಂಗ! ಹಾಳಿ ಹರದು ಬಿದ್ದಿರಬೇಕು. ನೋಡ್ರಿ ಛಲೋತ್ನಂಗ."

"ಇಲ್ಲ. ಶುಭಂ ಅಂತ ಅಚ್ಚು ಹಾಕ್ಯಾರ."

"ಶುಭಂ ಅಂತ ಶುಭಂ!" ಗೋದಕ್ಕ ಸುಲಿದ ಸಿಪ್ಪೆಯನ್ನು ಕೊಡವಿದಳು. "ಏನ ತಪ್ಪು ಮಾಡಿದ್ಲಂತ ಪಾದಕ್ಕ ಬಿದ್ಲು? ಒಂದ ಜ್ವರಕ್ಕ ಕಲತದ್ದೆಲ್ಲಾ ನೀರಾಗ ಹೋತೇನು?"

ಅವಳ ಸಿಟ್ಟಿಗೆ ಅಬೀದಾಳಿಗೆ ನಗು ಬಂತು. ನಗುತ್ತ ನಗುತ್ತ ಅವಳ ಕಣ್ಣು ತುಂಬಿದವು. ತಾರಾಬಾಯಿ ಮಾತ್ರ ನಗಲಿಲ್ಲ. ಗೋಡೆಯ ಮೇಲಿದ್ದ ಕೊನೆಯ ಪುಟವನ್ನು ಬಹಳ ಹೊತ್ತು ನೋಡುತ್ತ ನಿಂತಿದ್ದಳು.

ಸಂಜೆ ಧೋಂಡೋಪಂತ ಪಡಸಾಲೆಯಲ್ಲಿ ಪೇಟ ಬಿಚ್ಚಿಟ್ಟು ಕೂತಾಗ ಅವಳು ಹೋಗಿ ಎದುರಿಗೆ ನಿಂತಳು.

"ಅಣ್ಣಾ, ಆ ಪುಸ್ತಕ ನಾ ಓದಿ ಮುಗಿಸಿದೆ. ಮನಿಯೊಳಗ ತರಲಿಲ್ಲ. ಗ್ವಾಡಿ ಆಚೆ ಅಬೀದಾ ಹಿಡಿದಿದ್ಲು, ಈಚೆಯಿಂದ ಓದಿದೆ. ಆದ್ರೂ ನಿನ್ನ ಮಾತು ಮುರಿದಂಗ. ಹೇಳದ ಇರಲಿಕ್ಕೆ ಆಗಲಿಲ್ಲ."

ಅವನು ಪೇಪರನ್ನು ಮಡಿಚಿದ. ಮುಖ ಕೆಂಪಾಗಿದ್ದನ್ನು ಅವಳು ಕಂಡಳು. ಬೈಯುವನೆಂದು ಕಾದಳು.

"ಪೂರಾ ಓದಿದಿ?"

"ಓದಿದೆ."

"ಕೊನೀದು ಸೇರಿತೇನು?"

"ಇಲ್ಲ."

ಧೋಂಡೋಪಂತ ಓಣಿಯ ಕಡೆ ಮುಖ ತಿರುಗಿಸಿದ. "ತಿರುಗಿ ಕೊಡೂಕಿಂತ ಮೊದಲ ಕಚೇರ್ಯಾಗ ಕೂತು ನಾನೂ ಓದಿದೆ," ಎಂದ. "ನನಗೂ ಸೇರಲಿಲ್ಲ. ಆ ಅಣ್ಣ ಕ್ಷಮಾ ಮಾಡಿದ್ನಂತ. ನನಗ ಓದಲಿಕ್ಕೆ ನಾಚಿಕಿ ಬಂತು."

ತಾರಾಬಾಯಿ ಕಂಬ ಹಿಡಿದುಕೊಂಡಳು. ಎದೆಯೊಳಗೆ ಬಹಳ ದಿನದಿಂದ ಇದ್ದದ್ದು ತಾನಾಗಿಯೇ ಬಾಯಿಗೆ ಬಂತು. "ನಾ ಏಳನೇ ಕ್ಲಾಸಿನ ಮುಲ್ಕಿ ಪರೀಕ್ಷಾಕ್ಕ ಕೂಡತೀನಿ, ಅಣ್ಣಾ. ಪಾಸಾದ್ರ ಧಾರವಾಡಕ್ಕ, ಸಾಲಿ ಕಲಿಸೂ ಟ್ರೇನಿಂಗಿಗೆ ಹೋಗತೀನಿ."

ಅವನು ಮಂದಿ ಏನಂದಾರು ಎಂದು ಅನ್ನಲು ಬಾಯಿ ತೆರೆದು ಮುಚ್ಚಿದ. ಕೊನೆಗೆ, "ನಿನ್ನ ವೈನಿ ಒಬ್ಬಾಕಿ ಆಗತಾಳ," ಎಂದ.

ಒಳಗೆ ಪಾತ್ರೆಯ ಸದ್ದು ನಿಂತಿತು. "ನನ್ನ ಹೆಸರು ಮುಂದ ಮಾಡಬ್ಯಾಡ್ರಿ," ಎಂದಿತು ಗೋದಕ್ಕನ ದನಿ, ಒಡೆದು. "ಹೋಗೂತನಕಾ ಆಕಿ ನನಗ ಅಕ್ಷರಾ ಕಲಸ್ತಾಳ. ಆಮ್ಯಾಲೆ ಹೋಗಲಿ."

ಮರುದಿನ ಬೆಳಿಗ್ಗೆ ಮುಗದದಿಂದ ಚಕ್ಕಡಿ ಬಂತು. ಹುಲ್ಲು ಹಾಸಿ, ಮೇಲೆ ಕೌದಿ ಹಾಕಿ ಅಬೀದಾಳನ್ನು ಕೂಡಿಸಿ ಸುತ್ತ ಪರದೆ ಇಳಿಬಿಟ್ಟರು. ಗುಲಾಬಸಾಬ ಎತ್ತಿನ ಮುಂದೆ ನಡೆದ. ಬಾಗಿಲಲ್ಲಿ ನಿಂತಿದ್ದ ತಾರಾಬಾಯಿ, ಚಕ್ಕಡಿ ಅಲುಗಿದ ಕೂಡಲೇ ಹೊಸ್ತಿಲು ದಾಟಿ ಓಣಿಗೆ ಇಳಿದಳು. ಕಟ್ಟೆಯ ಮೇಲೆ ಕೂತವರು ತಲೆ ಎತ್ತಿ ನೋಡಿದರು. ಅವಳು ಪರದೆಯ ಕೆಳಗಿನಿಂದ ಕೈ ಚಾಚಿದಳು. ಒಳಗಿನಿಂದ ಮದರಂಗಿ ಹಚ್ಚಿದ ಕೈ ಅದನ್ನು ಹಿಡಿದುಕೊಂಡಿತು. ಗಾಲಿಯ ಸದ್ದಿನಲ್ಲಿ ಇಬ್ಬರ ಮಾತೂ ಕೇಳಿಸಲಿಲ್ಲ. ಹಾಗೆಯೇ ಓಣಿಯ ತಿರುವಿನವರೆಗೂ ಅವಳು ಚಕ್ಕಡಿಯ ಜೊತೆ ನಡೆದಳು.

ಗಾಳಿ ಬೀಸುತ್ತಿತ್ತು. ಮುಚ್ಚಿಕೊಳ್ಳಲು ಬರುತ್ತಿದ್ದ ಬಾಗಿಲನ್ನು ಗೋದಕ್ಕ ಬೆನ್ನಿನಿಂದ ಒತ್ತಿ ಹಿಡಿದು, ತಾರಾಬಾಯಿ ಹೋದ ಕಡೆಯೇ ನೋಡುತ್ತ ನಿಂತಿದ್ದಳು.